ಗುಡ್ಡದ ದಾರಿಗೆ ಕಟ್ಟಿದ ತಂತಿ

ಟಯರ್ ಅಂಗಡಿಯಲ್ಲಿ ಅವಳಿಗೆ ಚಿಗರೆ ಎಂದು ಹೆಸರು. ಇಟ್ಟವನು ಅಂಗಡಿಯ ಯಜಮಾನ. ಲಾರಿ ಚಕ್ರದ ನಟ್ಟು ಬಿಚ್ಚುವ ಈ ಮೂವತ್ತೆಂಟರ ಹೆಂಗಸು ದಿನಾ ಬೆಳಗಾಗೆದ್ದು ಗುಡ್ಡ ಹತ್ತಿಳಿದು ಹನ್ನೆರಡು ಕಿಲೋಮೀಟರ್ ಓಡುತ್ತಾಳೆ ಎಂದು ತಿಳಿದ ದಿನ ಅವನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

"ಯಾರು ಅಟ್ಟಿಸ್ಕೊಂಡು ಬರ್ತಾರೆ ಅಂತ ಓಡ್ತೀಯಮ್ಮ?"

"ಯಾರೂ ಬರಲ್ಲ ಯಜಮಾನ್ರೇ. ಅದಕ್ಕೇ ಓಡ್ತೀನಿ," ಎಂದಿದ್ದಳು.

ಚಳಿಗಾಲದಲ್ಲಿ ಆ ಓಟಕ್ಕೆ ಮನೆಮಂದಿಯೆಲ್ಲ ಕೆಲಸಕ್ಕೆ ಬೀಳುತ್ತಿದ್ದರು. ಬಸ್ ಓಡಿಸುವ ಗಂಡ ಮೊದಲ ಟ್ರಿಪ್ಪಿಗೆ ಹೊರಡುವ ಮುಂಚೆ ಅವಳ ಒದ್ದೆ ಬೂಟಿನಿಂದ ಹಿಂದಿನ ದಿನ ತುರುಕಿದ್ದ ಹಳೇ ಪೇಪರ್ ಕಿತ್ತು ಬಾಗಿಲ ಬಳಿ ಇಡುತ್ತಿದ್ದ. ಅತ್ತೆ ಎರಡು ಜೊತೆ ಕಾಲುಚೀಲವನ್ನು ಒಲೆಯ ಮೇಲಿನ ಪಾತ್ರೆಯ ಮುಚ್ಚಳಕ್ಕೆ ಹಾಸಿ ಬೆಚ್ಚಗೆ ಮಾಡುತ್ತಿದ್ದಳು. ಆಮೇಲೆ ತಾನೇ ಹೆಣೆದ, ಕಂಬಳಿಯಷ್ಟು ದಪ್ಪದ ಉಣ್ಣೆಯ ಪಟ್ಟಿಯನ್ನು ಸೊಸೆಯ ಕತ್ತಿಗೆ ಸುತ್ತಿ, ಮೂಗಿನವರೆಗೂ ಎಳೆದು ಕಟ್ಟುತ್ತಿದ್ದಳು. "ಚುಚ್ಚುತ್ತೆ ಅತ್ತೆ." "ಚುಚ್ಚಲಿ, ನೆಗಡಿಗಿಂತ ವಾಸಿ."

ಊರಿಗೆ ನೀರು ತರುವ ಪೈಪಿನ ಪಕ್ಕದ ಕಾಲುದಾರಿಯಲ್ಲಿ ಹತ್ತುವುದು, ತುದಿಯ ನೀರಿನ ಟ್ಯಾಂಕಿನ ಬೇಲಿ ಹಿಡಿದು ಮೀನಖಂಡ ಎಳೆದುಕೊಳ್ಳುವುದು, ಆಚೆಯ ಮರಗಳ ನಡುವೆ ಇಳಿಯುವುದು. ಬೂಟಿನಡಿ ಹೆಪ್ಪುಗಟ್ಟಿದ ಇಬ್ಬನಿ ಗಾಜಿನಂತೆ ಪುಡಿಯಾಗುತ್ತಿತ್ತು. ಟ್ಯಾಂಕಿನ ಕಾವಲುಗಾರ ತನ್ನ ಶೆಡ್ಡಿನ ಮುಂದೆ ಸೌದೆ ಸೀಳುತ್ತ ಕೈ ಎತ್ತುತ್ತಿದ್ದ. ಅವಳೂ ಎತ್ತುತ್ತಿದ್ದಳು. ಆರು ವರ್ಷಗಳಲ್ಲಿ ಅವರಿಬ್ಬರ ನಡುವೆ ಅಷ್ಟೇ ನಡೆದದ್ದು.

ಆ ಗುರುವಾರ ಇಳಿಜಾರಿನಲ್ಲಿ ಅವಳು ಜೋರಾಗಿ ಬರುತ್ತಿದ್ದಳು. ಎರಡನೇ ತಿರುವು ದಾಟಿದ ಕೂಡಲೇ ಕತ್ತಿಗೆ ಏನೋ ಬಡಿಯಿತು. ಕಾಲು ಮುಂದಕ್ಕೆ ಹೋಯಿತು, ತಲೆ ಹಿಂದೆಯೇ ಉಳಿಯಿತು. ಬೆನ್ನಡಿಯಾಗಿ ಬಿದ್ದಾಗ ಆಕಾಶದ ಕೆಳಗೆ ಒಂದು ಸಣ್ಣ ಗೆರೆ ಅಲುಗಾಡುವುದು ಕಂಡಿತು. ಎರಡು ಮರಗಳಿಗೆ ಬಿಗಿದ ಕಬ್ಬಿಣದ ತಂತಿ. ಕೂಗಲು ಬಾಯಿ ತೆರೆದಳು. ಗಾಳಿ ಮಾತ್ರ ಬಂತು. ಉಣ್ಣೆಯ ಪಟ್ಟಿ ಕೈಗೆ ಬಿಸಿಬಿಸಿಯಾಗಿ, ಒದ್ದೆಯಾಗಿ ಸಿಕ್ಕಿತು. ಅದನ್ನೇ ಗಂಟಲಿಗೆ ಒತ್ತಿ ಹಿಡಿದು ನಾಲ್ಕು ಕಿಲೋಮೀಟರ್ ನಡೆದಳು. ಬಾಗಿಲು ತೆರೆದ ಅತ್ತೆ ಚೀರಲಿಲ್ಲ. ಹೊಸ್ತಿಲಲ್ಲೇ ಕೂರಿಸಿ, ಪಕ್ಕದ ಮನೆಯವರ ಆಟೋ ತರಿಸಿದಳು.

"ಆ ಉಣ್ಣೆ ಇಲ್ಲದಿದ್ರೆ ನಾನು ಹೊಲಿಯೋ ಹಾಗೇ ಇರ್ಲಿಲ್ಲ," ಎಂದರು ಡಾಕ್ಟರು, ಹದಿನಾಲ್ಕು ಹೊಲಿಗೆ ಹಾಕಿದ ಮೇಲೆ. "ಮೂರು ವಾರ ಮಾತು ಬೇಡ. ಪಿಸುಮಾತೂ ಬೇಡ."

ಗಂಡ ಅಂದೇ ಗುಡ್ಡಕ್ಕೆ ಹೋಗಿ ತಂತಿ ಕತ್ತರಿಸಿ ತಂದ. ಒಂದು ತುಂಡನ್ನು ಪೊಲೀಸರಿಗೆ ಕೊಟ್ಟ. ಯಾರೋ ಕಿಡಿಗೇಡಿಗಳು, ವಿಚಾರಿಸೋಣ ಎಂದರಂತೆ. ಉಳಿದ ತುಂಡು ಊಟದ ಮೇಜಿನ ಮೇಲೆ ಬಿದ್ದಿತ್ತು. ತೆಳು ಗಂಜಿಯನ್ನು ಹನಿ ಹನಿಯಾಗಿ ನುಂಗುತ್ತ ಅವಳು ಅದನ್ನೇ ನೋಡುತ್ತಿದ್ದಳು. ತಂತಿಯ ತುದಿಯನ್ನು ಮೂರು ಸುತ್ತು ತಿರುಚಿ, ಕೊನೆಯನ್ನು ಕೈಗೆ ತಾಗದಂತೆ ಒಳಕ್ಕೆ ಮಡಚಿ ಸಿಕ್ಕಿಸಲಾಗಿತ್ತು. ಶನಿವಾರ ಮಧ್ಯಾಹ್ನ ಅವಳ ಚಮಚ ನಿಂತಿತು. ಅಂಥ ಗಂಟನ್ನು ಅವಳು ದಿನಾ ಕೈಯಲ್ಲಿ ಹಿಡಿಯುತ್ತಿದ್ದಳು, ಟ್ಯಾಂಕಿನ ಬೇಲಿಯಲ್ಲಿ.

ಯಾರಿಗೂ ಬರೆದು ತೋರಿಸಲಿಲ್ಲ. ಭಾನುವಾರ ಬೆಳಗ್ಗೆ ಗಂಡ ಡ್ಯೂಟಿಗೆ ಹೋಗಿದ್ದ, ಅತ್ತೆ ಬಟ್ಟೆ ಒಗೆಯುತ್ತಿದ್ದಳು. ತಂತಿಯ ತುಂಡನ್ನು ಜೇಬಿಗಿಟ್ಟುಕೊಂಡು, ಟಯರ್ ಕೀಳುವ ಮೊಳದುದ್ದದ ಲಿವರನ್ನು ಅಂಗಿಯ ತೋಳಿನೊಳಗೆ ಸೇರಿಸಿಕೊಂಡು ಹೊರಟಳು.

ಕಾವಲುಗಾರ ಶೆಡ್ಡಿನ ಮುಂದೆಯೇ ಇದ್ದ. ಅಭ್ಯಾಸಬಲದಿಂದ ಕೈ ಎತ್ತಿದವನು ಅವಳ ಕತ್ತಿನ ಬ್ಯಾಂಡೇಜ್ ಕಂಡು ಹಾಗೇ ನಿಂತುಬಿಟ್ಟ. ಅವಳು ತಂತಿಯನ್ನು ಅವನ ಕಾಲಬಳಿ ಎಸೆದಳು.

"ಅಯ್ಯೋ, ನೀನಾ..." ಎಂದ. "ನಿನಗೆ ಅಂತ ಕಟ್ಟಿದ್ದಲ್ಲ ತಂಗಿ. ದೇವರಾಣೆ, ನಿನಗಲ್ಲ. ಬೈಕಿನೋರಿಗೆ. ಹಿಂದಿನ ದಿನಾನೇ ಬರ್ತಾರೆ ಅಂತ ಕಟ್ಟಿದ್ದೆ, ಬರಲಿಲ್ಲ. ಬಿಚ್ಚೋದು..."

ಬಿಚ್ಚೋದು ಮರೆತೆ ಎನ್ನುವಷ್ಟರಲ್ಲಿ ಲಿವರ್ ಅವನ ಭುಜಕ್ಕೆ ಬಿದ್ದಿತ್ತು. ಅವನು ಕುಸಿದ. ಎರಡನೇ ಏಟನ್ನು ತಡೆಯಲು ಎತ್ತಿದ ಕೈಯ ಬೆರಳುಗಳು ಕಬ್ಬಿಣಕ್ಕೂ ಸೌದೆಯ ದಿಮ್ಮಿಗೂ ನಡುವೆ ಸಿಕ್ಕಿ ಟಕ್ಕೆಂದವು. ಅವಳು ಮತ್ತೆ ಎತ್ತಿದಳು. ಬೈಯಲು ಗಂಟಲಿರಲಿಲ್ಲ, ಬೈಗುಳವೆಲ್ಲ ತೋಳಿಗೆ ಇಳಿದಿತ್ತು. ಮೂರನೆಯದು ತಲೆಗೇ ಬೀಳುತ್ತಿತ್ತು. ಅಷ್ಟರಲ್ಲಿ ಅವನು ಅವಳ ಕಾಲಿಗೆ ಜೋತುಬಿದ್ದು ಕೆಡವಿದ. ಇಬ್ಬರೂ ಇಬ್ಬನಿಯಲ್ಲಿ ಹೊರಳಾಡಿದರು. ಅವನ ಹೆಬ್ಬೆರಳು ಬ್ಯಾಂಡೇಜಿನೊಳಕ್ಕೆ ನುಗ್ಗಿತು. ಹೊಲಿಗೆ ಒಂದೊಂದಾಗಿ ಕಿತ್ತು ಬರುವುದು ಅವಳಿಗೆ ಎಣಿಸುವಷ್ಟು ಸ್ಪಷ್ಟವಾಗಿ ತಿಳಿಯಿತು. ಅವಳು ಅವನ ಮಣಿಕಟ್ಟು ಕಚ್ಚಿದಳು. ಬಾಯಲ್ಲಿ ಉಪ್ಪು ತುಂಬಿತು.

"ಬಿಡ್ರೋ! ಬಿಡೇ! ಸಾಯ್ತಾನೆ ಕಣೇ!"

ಶೆಡ್ಡಿನ ಬಾಗಿಲಲ್ಲಿ ಒಬ್ಬ ಹೆಂಗಸು ಮೊಣಕೈ ಊರಿ ತೆವಳಿಕೊಂಡು ಬಂದಿದ್ದಳು. ಕಾವಲುಗಾರನ ಹೆಂಡತಿ. ಸೊಂಟದಿಂದ ಕೆಳಗೆ ಅವಳ ಮೈ ಒದ್ದೆ ಮೂಟೆಯ ಹಾಗೆ ಹಿಂದೆ ಎಳೆದುಕೊಂಡು ಬರುತ್ತಿತ್ತು.

"ನೋಡು, ಇದನ್ನ ನೋಡು!" ಎಂದು ಅವನು ಏದುಸಿರು ಬಿಟ್ಟ. "ಕಡ್ಡಿ ಆರಿಸ್ತಿದ್ದೋಳ ಮೇಲೆ ಬೈಕ್ ಹತ್ತಿಸ್ಕೊಂಡು ಹೋದ್ರು. ತಿರುಗೂ ನೋಡ್ಲಿಲ್ಲ. ಸ್ಟೇಷನ್‌ಗೆ ನಾಲ್ಕು ಸಲ ಅಲೆದೆ. ಬೈಕ್ ನಂಬರ್ ಏನು ಅಂತಾರೆ. ಸೊಂಟ ಮುರಿದೋಳು ನಂಬರ್ ಓದ್ತಾಳಾ?"

ಅವನನ್ನು ಹಿಡಿದಿದ್ದ ಅವಳ ಕೈ ಸಡಿಲಾಯಿತು. ಆ ಹೊತ್ತಿಗೇ ಗುಡ್ಡದ ಆಚೆ ಬದಿಯಿಂದ ಇಂಜಿನ್ನಿನ ಗರಗರ ಕೇಳಿಸಿತು. ಎರಡು ಬೈಕು, ಜೀಪಿನ ದಾರಿಯಲ್ಲಿ ಸುತ್ತು ಹಾಕಿ ಮೇಲೆ ಬರುತ್ತಿದ್ದವು. ಕಾವಲುಗಾರ ತಲೆ ಎತ್ತಿ ಆಲಿಸಿದ. ರಕ್ತ ಮೆತ್ತಿದ ಅವನ ಮುಖದಲ್ಲಿ ನಗುವಿನಂಥದ್ದೊಂದು ಮೂಡಿತು.

"ಬಂದ್ರು. ಇವತ್ತು ಮೂರನೇ ತಿರುವಲ್ಲಿ ಕಟ್ಟಿದೀನಿ. ಗಟ್ಟಿಯಾಗಿ."

ಅವಳು ಎದ್ದಳು. ಕೂಗಿ ಹೇಳಲು ಬಾಯಿಲ್ಲ, ಇದ್ದದ್ದು ಕಾಲು ಮಾತ್ರ. ಬೈಕುಗಳು ಟ್ಯಾಂಕು ಬಳಸಿ ಮರಗಳ ದಾರಿಗೆ ಇಳಿದು ಬರಬೇಕು; ಅವಳಿಗೆ ಜಾರುಕಲ್ಲುಗಳ ನೇರ ಇಳಿಜಾರು ಗೊತ್ತಿತ್ತು. ಒಂದು ಕೈಯಲ್ಲಿ ಕತ್ತು, ಇನ್ನೊಂದರಲ್ಲಿ ಲಿವರ್ ಹಿಡಿದು ಜಿಗಿದಳು. ಕಲ್ಲುಗಳು ಅವಳ ಜೊತೆಗೇ ಉರುಳಿ ಬಂದವು. ಎರಡು ಸಲ ಬಿದ್ದಳು, ಒಂದು ಮೊಣಕಾಲು ಸೀಳಿತು. ಬಿಸಿ ರಕ್ತ ಅಂಗಿಯೊಳಗೆ ಹೊಟ್ಟೆಯವರೆಗೂ ಇಳಿಯುತ್ತಿತ್ತು. ಮೂರನೇ ತಿರುವಿಗೆ ತಲುಪಿದಾಗ ಇಂಜಿನ್ ಸದ್ದು ತಲೆಯ ಮೇಲೇ ಇತ್ತು. ತಂತಿ ಎದೆಮಟ್ಟದಲ್ಲಿ ಬಿಗಿದಿತ್ತು. ಲಿವರ್ ಸಿಕ್ಕಿಸಿ ಎಳೆದಳು, ಮಿಸುಕಲಿಲ್ಲ. ಹತ್ತು ಹೆಜ್ಜೆ ಮೇಲಕ್ಕೆ ಓಡಿ ದಾರಿಯ ನಟ್ಟನಡುವೆ ಕೈ ಅಗಲಿಸಿ ನಿಂತಳು.

ಮೊದಲು ಬಂದದ್ದು ಕೆಂಪು ಹೆಲ್ಮೆಟ್. ಅವನು ಬ್ರೇಕ್ ಒತ್ತಿದ, ಹಿಂದಿನ ಚಕ್ರ ಜಾರಿತು, ಬೈಕು ಅಡ್ಡ ಮಲಗಿ ಉಜ್ಜಿಕೊಂಡು ಬಂದು ಅವಳ ಎಡಗಾಲಿಗೆ ಅಪ್ಪಳಿಸಿತು. ಎಲುಬು ಮುರಿದ ಸದ್ದು ನೋವಿಗಿಂತ ಮೊದಲೇ ಕೇಳಿಸಿತು.

ಕೆಂಪು ಹೆಲ್ಮೆಟ್ಟಿನವನು ಎದ್ದವನೇ ಅವಳ ಪಕ್ಕೆಗೆ ಒದ್ದ. "ಹುಚ್ಚಿ! ಸಾಯೋಕೆ ನನ್ನ ಬೈಕೇ ಬೇಕಿತ್ತಾ?" ಬಿದ್ದಿದ್ದ ಲಿವರ್ ಕಂಡಿತು. "ಓಹೋ, ಇದನ್ನ ಹಿಡ್ಕೊಂಡು ಅಡ್ಡ ಹಾಕ್ತೀಯಾ?" ಕೂದಲು ಹಿಡಿದೆತ್ತಿ ಎರಡು ಬಾರಿಸಿದ. ಅವಳು ಕೆಳಗೆ ಬೆರಳು ತೋರಿಸಿದಳು. ಅವನು ಮತ್ತೊಂದು ಬಾರಿಸಿದ.

ಅಷ್ಟರಲ್ಲಿ ಹಿಂದಿನ ಬೈಕಿನವನು ಇಳಿದು, ಬೆರಳು ತೋರಿದ ಕಡೆ ನಡೆದು ಹೋಗಿದ್ದ. ಅವನು ನಿಂತದ್ದು ಕಂಡಿತು. ಗ್ಲೌಸ್ ಕಳಚಿ ಗಾಳಿಯಲ್ಲಿ ಏನನ್ನೋ ಮೀಟಿದ. ಅದು ಝುಂಯ್ ಎಂದಿತು.

"ಅಣ್ಣಾ, ಅವಳನ್ನ ಬಿಡು," ಎಂದ. "ಇಲ್ಲಿ ಬಾ. ನಿಧಾನ. ನಿಧಾನಕ್ಕೆ ಬಾ."

ನೋಡಿ ಬಂದ ಕೆಂಪು ಹೆಲ್ಮೆಟ್ಟಿನವನು ದಾರಿ ಬದಿಗೆ ಕುಳಿತು ವಾಂತಿ ಮಾಡಿಕೊಂಡ.

ಆಸ್ಪತ್ರೆಯಲ್ಲಿ ಪೊಲೀಸಿನವರು ಅವಳ ಕೈಗೆ ಕಾಗದ, ಪೆನ್ನು ಕೊಟ್ಟರು. ತಂತಿಯ ವಿಷಯ ಬರೆದಳು. ಕಾವಲುಗಾರನ ಹೆಂಡತಿಯ ಸೊಂಟದ ವಿಷಯ ಬರೆದಳು. ಕೆಳಗೆ ಮತ್ತೊಂದು ಸಾಲು: ಮೊದಲು ಕಬ್ಬಿಣದಿಂದ ಹೊಡೆದವಳು ನಾನು.

ಗಂಡ ಅದನ್ನು ಓದಿ ತಲೆ ಚಚ್ಚಿಕೊಂಡ. "ಕೊನೇ ಸಾಲು ಯಾಕೆ ಬರೆದೆ ಕಣೇ? ಆ ಕಾವಲುಗಾರನೂ ಹೇಳಿರ್ಲಿಲ್ಲ, ಬಿದ್ದೆ ಅಂದಿದ್ದ. ಹೋಗೋ ಮಾರೀನ ಮನೆಗೆ ಕರೆದ ಹಾಗಾಯ್ತು!" ಅವಳು ಗೋಡೆ ಕಡೆ ತಿರುಗಿ ಮಲಗಿದಳು.

ಕಾವಲುಗಾರನನ್ನು ಜೈಲಿಗೆ ಹಾಕಿದರು. ಅವಳ ಮೇಲೂ ಕೇಸಾಯಿತು, ಜಾಮೀನು ಸಿಕ್ಕಿತು. ವಾರದ ನಂತರ ಎರಡನೇ ಬೈಕಿನವನು ತಾನಾಗಿಯೇ ಸ್ಟೇಷನ್ನಿಗೆ ಹೋಗಿ, ಮಳೆಗಾಲದ ಕೊನೆಯಲ್ಲಿ ಹೆಂಗಸೊಬ್ಬಳಿಗೆ ಗುದ್ದಿದ್ದು ತಮ್ಮ ಗುಂಪೇ ಎಂದು ಹೇಳಿದ. ಗುದ್ದಿದ್ದು ಯಾರೆಂದು ಕೇಳಿದಾಗ ಅಣ್ಣನ ಹೆಸರು ಹೇಳಿ ಅತ್ತನಂತೆ.

ಚಳಿಗಾಲದ ಉಳಿದ ಭಾಗವನ್ನು ಅವಳು ಕಿಟಕಿಯ ಪಕ್ಕದ ಮಂಚದಲ್ಲಿ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಕಳೆದಳು. ಬಾಯಿ ಬಿಡಬಹುದು ಎಂದು ಡಾಕ್ಟರು ಹೇಳಿದ ದಿನ ಗಂಡ ಎದುರಿಗೇ ಕುಳಿತು ಕಾದ, ಅವಳು ಮಾತಾಡಲಿಲ್ಲ. ಅವನು ಡ್ಯೂಟಿಗೆ ಹೋದ ಮೇಲೆ ಅತ್ತೆಯನ್ನು ಕರೆದಳು. ದನಿ ತುಕ್ಕು ಹಿಡಿದ ಬೋಲ್ಟು ತಿರುಗಿದಂತೆ ಬಂತು.

"ಹೊಡೆಯುವಾಗ ಹಿತವಾಗಿತ್ತು ಅತ್ತೆ."

ಅತ್ತೆ ಹೆಣಿಗೆಯ ಕಡ್ಡಿ ಕೆಳಗಿಡಲಿಲ್ಲ. "ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ನಿನಗೆ ಆಗ ಮಾತೇ ಇರ್ಲಿಲ್ಲವಲ್ಲ," ಎಂದಳು.

ಸೊಸೆ ನಗಲಿಲ್ಲ. "ಮೂರನೇದು ತಲೆಗೆ ಎತ್ತಿದ್ದೆ. ಅವನು ಕಾಲು ಹಿಡೀದಿದ್ರೆ ಬಿಡ್ತಿರ್ಲಿಲ್ಲ. ಕೊಂದೇ ಬಿಡ್ತಿದ್ದೆ."

ಅತ್ತೆಯ ಕಡ್ಡಿಗಳು ನಿಂತವು. ಸೊಸೆಯ ಕೈಗಳನ್ನು ನೋಡಿದಳು. "ಗೊತ್ತಾಯ್ತಲ್ಲ," ಎಂದಳು. "ಇನ್ಮೇಲೆ ಗೊತ್ತಿಟ್ಕೊಂಡೇ ಬದುಕು." ಎದ್ದು ಹೋಗಿ ಹಾಲು ಬಿಸಿ ಮಾಡಿ ತಂದಳು.

ಪ್ಲಾಸ್ಟರ್ ಬಿಚ್ಚಿದ ಮೇಲೆ ಅವಳು ಕಾವಲುಗಾರನ ಹೆಂಡತಿಯನ್ನು ಹುಡುಕಿಕೊಂಡು ಹೋದಳು. ಗಂಡನ ಕೆಲಸ ಹೋಗಿ ಶೆಡ್ಡು ಬಿಟ್ಟ ಮೇಲೆ ಆಕೆ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ತಮ್ಮನ ಮನೆ ಸೇರಿದ್ದಳು. ಈಗ ಊರುಗೋಲು ಹಿಡಿದು ನಿಲ್ಲುವಷ್ಟಾಗಿದ್ದ ಆಕೆ ಬಾಗಿಲು ತೆರೆದಳು, ಒಳಗೆ ಕರೆಯಲಿಲ್ಲ.

"ಬೈಕಿನೋನ ಮೇಲೆ ಕೇಸಾಗಿದೆ. ನೀನು ಬರೆದಿದ್ದಕ್ಕೇ ಆಗಿದ್ದು ಅಂದ್ರು," ಎಂದಳು. "ನಿನಗೆ ಕೈ ಮುಗೀಲೋ, ಶಾಪ ಹಾಕಲೋ ಗೊತ್ತಾಗಲ್ಲ ನನಗೆ. ನನ್ನ ಗಂಡಂಗೆ ಎರಡು ಬೆರಳು ಇನ್ನೂ ಮಡಚೋಕಾಗಲ್ಲ."

"ತಪ್ಪಾಯ್ತು ಅಕ್ಕಾ."

"ಅವನೂ ನಿನಗೆ ಅದನ್ನೇ ಹೇಳು ಅಂದ, ಜೈಲಿಗೆ ನೋಡೋಕೆ ಹೋದಾಗ. ಹೇಳಿದೀನಿ. ಇನ್ನು ಬರಬೇಡ."

ಬಾಗಿಲು ಮುಚ್ಚಿತು. ಅವಳು ಅಂಗಡಿಗೆ ಹೋಗಿ ಎರಡು ಲಾರಿಯ ಚಕ್ರ ಬದಲಿಸಿದಳು. ಮರುದಿನ ಬೆಳಗ್ಗೆ ಗುಡ್ಡಕ್ಕೆ ಹೊರಟಳು. ಮೊದಲ ಮೂರು ಕಿಲೋಮೀಟರ್ ಓಡಿದಳು. ಉಳಿದದ್ದನ್ನು ನಡೆದಳು.