ಙಕಾರದ ಮಂತ್ರ ಮತ್ತು ಮುನಿಯಮ್ಮಜ್ಜಿಯ ಸಂಡಿಗೆ

ಓದುವ ಎಲ್ಲರಿಗೂ ನಮಸ್ಕಾರ. ನಾನು ಒಂದೇ ಬೆರಳಿನಲ್ಲಿ ಟೈಪ್ ಮಾಡುವವನು. ಒತ್ತು, ದೀರ್ಘ ಎಲ್ಲಾದರೂ ಕೈಕೊಟ್ಟಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಈಗ ತಾನೇ ಪಿಲ್ಲಗುಂಪೆಯ ಫ್ಯಾಕ್ಟರಿಗೆ ರಜೆ ಅರ್ಜಿ ಬರೆಯಲು ಮೊಬೈಲ್ ಹಿಡಿದು ಕೂತಿದ್ದೆ. ಬೆರಳು ಜಾರಿ 'ಙ' ಬಿತ್ತು. ಅರ್ಜಿ ಅಲ್ಲೇ ನಿಂತಿತು, ನಾನೊಬ್ಬನೇ ನಗತೊಡಗಿದೆ. ಹೆಂಡತಿ ಒಳಗಿನಿಂದ ಇಣುಕಿ ನೋಡಿ ಹೋದಳು.

ನಾನು ಅಕ್ಷರ ಕಲಿತದ್ದು ಮೂವತ್ತು ದಾಟಿದ ಮೇಲೆ. ಮಗಳು ಹರ್ಷಿತಾ ಒಂದನೇ ಕ್ಲಾಸಿನಲ್ಲಿ ಸ್ಲೇಟು ತಿದ್ದುವಾಗ ಪಕ್ಕದಲ್ಲಿ ಕೂತು ನಾನೂ ತಿದ್ದಿದೆ. ಕ, ಖ, ಗ, ಘ ಎಲ್ಲ ಸರಿ. ಆಮೇಲೆ ಈ ಙ. ನೀವೇ ಯೋಚಿಸಿ, ಇದರಿಂದ ಶುರುವಾಗುವ ಒಂದು ತರಕಾರಿಯಿಲ್ಲ, ಒಂದು ಊರಿಲ್ಲ, ಒಬ್ಬ ನೆಂಟನಿಲ್ಲ. ಞ ಕೂಡ ಹಾಗೇ. ಅಷ್ಟು ಸುಳಿ ಸುತ್ತಿ ಕಲಿತದ್ದು ದಂಡವಾಯಿತಲ್ಲ ಎಂದು ನನಗೆ ಹೊಟ್ಟೆಯುರಿಯುತ್ತಿತ್ತು.

ಅವು ಉಪಯೋಗಕ್ಕೆ ಬಂದದ್ದು ಮರುವರ್ಷ. ಹರ್ಷಿತಾಳ ಮುಂದಿನ ಹಲ್ಲು ಬಿದ್ದು ಎಷ್ಟು ದಿನವಾದರೂ ಹೊಸದು ಬರಲಿಲ್ಲ. ಶಾಲೆಯ ವಾರ್ಷಿಕೋತ್ಸವದಲ್ಲಿ ಬಂದವರಿಗೆ ಸ್ವಾಗತ ಹೇಳುವ ಕೆಲಸ ಅವಳದು. ಸಂದಿಯಲ್ಲಿ ಗಾಳಿ ನುಗ್ಗಿ, 'ಸುಸ್ವಾಗತ' ಎಂದರೆ ಎರಡು ವಿಷಲ್ ಕೂಗುತ್ತಿತ್ತು. ಹುಡುಗರು 'ಕುಕ್ಕರ್' ಎಂದು ಹೆಸರಿಟ್ಟರು. ಹಲ್ಲು ಬರುವವರೆಗೆ ಸ್ಟೇಜ್ ಹತ್ತುವುದಿಲ್ಲ ಎಂದು ಅವಳು ಕೂತುಬಿಟ್ಟಳು.

"ಅಪ್ಪಾ, ರೆಕ್ಕೆ ಇರೋ ಪರಿ ಬಂದು ಹಳೇ ಹಲ್ಲು ತಗೊಂಡು ಹೊಸದು ಕೊಡ್ತಾಳಂತೆ. ನನ್ ಫ್ರೆಂಡ್ ಆಯಿಷಾ ಹೇಳಿದ್ಲು."

ಬಿದ್ದ ಹಲ್ಲು ಬೆಂಕಿಪೊಟ್ಟಣದಲ್ಲಿ ಭದ್ರವಾಗಿತ್ತು. ನಮ್ಮ ಕಡೆ ಬಿದ್ದ ಹಲ್ಲನ್ನು ಸಗಣಿಯಲ್ಲಿಟ್ಟು ಮನೆ ಮೇಲೆ ಎಸೆಯುತ್ತಾರೆ. ನಾನು ಎರಡನ್ನೂ ಸೇರಿಸಿ, ಹಲ್ಲು ಒಳಗಿಟ್ಟು ಸಗಣಿ ಉಂಡೆ ಕಟ್ಟತೊಡಗಿದೆ.

"ಸಗಣೀನಾ? ಪರಿ ಮೂಗು ಮುಚ್ಕೊಳ್ಳಲ್ವಾ?"

"ಅದಕ್ಕೇ ಹೊಂಗೆ ಹೂ ಹಾಕಿರೋದು. ಸೆಂಟು ಕಣಮ್ಮ."

"ರಾಗಿ ಯಾಕೆ?"

"ದೂರದಿಂದ ಬರ್ತಾಳೆ, ಹಸಿವಾಗಲ್ವಾ?"

"ಏಳು ಕಾಳಲ್ಲಿ ಮುದ್ದೆ ಆಗತ್ತಾ?"

"ಅವ್ಳು ಇರೋದೇ ಇಷ್ಟುದ್ದ!"

ಗರಿಕೆ, ಹುಣಸೆ ಚಿಗುರು ಕೂಡ ಬಿತ್ತು. ಇನ್ನು ಮಂತ್ರ. ನನಗೆ ಎಲ್ಲಿಂದ ಬರಬೇಕು? ಕೆಲಸವಿಲ್ಲದೆ ಕೂತಿದ್ದ ಅಕ್ಷರಗಳನ್ನು ಕರೆದೆ: "ಙಙಾ ಙಿಙೀ ಙುಙೂ, ಞಞಾ ಞಿಞೀ ಹಲ್ಲು ಕೊಡು, ಪರಿಗೆ ಸುಸ್ವಾಗತ!" ಕರೆದವರಿಗೆ ಅಷ್ಟಾದರೂ ಹೇಳಬೇಡವೇ?

ಹೆಂಚಿನ ಮನೆಯಾಗಿದ್ದರೆ ಉಂಡೆ ಅಲ್ಲೇ ಕೂರುತ್ತಿತ್ತು. ನಮ್ಮದು ಆರ್‌ಸಿಸಿ, ಎತ್ತರ ಬೇರೆ. ಜೋರಾಗಿ ಬೀಸಿದೆ. ಅದು ನಮ್ಮ ತಾರಸಿ ದಾಟಿ ಪಕ್ಕದ ಮನೆ ಮುನಿಯಮ್ಮಜ್ಜಿಯ ತಾರಸಿಗೆ ಹೋಯಿತು. ಶಿವರಾತ್ರಿ ಕಳೆದಿತ್ತು, ಅಜ್ಜಿ ಸಂಡಿಗೆ ಒಣಹಾಕಿಕೊಂಡು ಕಾಗೆ ಕಾಯುತ್ತಿದ್ದರು.

"ಯಾವನ್ಲಾ ಅವ್ನು?" ಎಂಬ ಕೂಗು ಬಂತು. ಅಜ್ಜಿ ಉಂಡೆ ಒಡೆದು ನೋಡಿರಬೇಕು. ಆಮೇಲೆ, "ಅಯ್ಯಯ್ಯೋ, ಉಂಡೆ ಒಳ್ಗೆ ಹಲ್ಲೈತೆ! ನನ್ ಸಂಡಿಗೆಗೆ ಮಾಟ ಮಾಡ್ಸವ್ರೆ!"

ಬೀದಿ ಸೇರಿತು. ಹಲ್ಲು ಬೆಕ್ಕಿನದೆಂದು ಒಬ್ಬರು. "ಹುಣಸೆ ಚಿಗುರೂ ಹಾಕವ್ರೆ, ದೊಡ್ ಮಾಟಾನೇ ಇದು" ಎಂದು ಇನ್ನೊಬ್ಬರು. ತಿಪ್ಪೆಗೆ ಒಯ್ದು ಸುಟ್ಟುಬಿಡಿ ಎಂದರು. ನಾನು ಗೋಡೆಯ ಹಿಂದೆ ನಿಂತು, ಯಾವ ಊರಿಗೆ ಓಡಿಹೋಗಲಿ ಎಂದು ಯೋಚಿಸುತ್ತಿದ್ದೆ. ಆದರೆ ಸುಟ್ಟರೆ ಪರಿಗೆ ಹಲ್ಲು ಸಿಗುವುದಿಲ್ಲವಲ್ಲ! ಹರ್ಷಿತಾ ಒಂದೇ ಉಸಿರಿಗೆ ಅಜ್ಜಿಯ ಮೆಟ್ಟಿಲು ಹತ್ತಿದಳು.

"ಸುಡಬೇಡಿ! ಅದು ಮಾಟ ಅಲ್ಲ, ನನ್ ಹಲ್ಲು! ಅಪ್ಪ ಮಂತ್ರ ಹಾಕಿರೋದು!"

ಯಾರೂ ನಂಬಲಿಲ್ಲ. ಅವಳು ತಾರಸಿಯ ಅಂಚಿಗೆ ಬಂದು, ಕೆಳಗೆ ನಿಂತ ಅಷ್ಟೂ ಜನಕ್ಕೆ ಕೇಳುವ ಹಾಗೆ, ಙಙಾದಿಂದ ಸುಸ್ವಾಗತದವರೆಗೆ ಎರಡೂ ವಿಷಲ್ ಸಮೇತ ಹೇಳಿ ಮುಗಿಸಿದಳು. ಬೀದಿಯೆಲ್ಲ ನಕ್ಕಿತು. ಅವಳನ್ನು ನೋಡಿಯಲ್ಲ, ಗೋಡೆಯ ಹಿಂದಿನಿಂದ ಇಣುಕುತ್ತಿದ್ದ ನನ್ನನ್ನು ನೋಡಿ.

"ಲೇ, ಓದಿ ಓದಿ ಇದ್ನೇನ್ಲಾ ಕಲ್ತಿದ್ದು?" ಎಂದರು ಅಜ್ಜಿ. ಹಾಳಾದ ಸಂಡಿಗೆ ಎತ್ತಿ ಪಕ್ಕಕ್ಕೆ ಹಾಕಿ, ಹಲ್ಲನ್ನು ಮತ್ತೆ ಉಂಡೆಗೆ ಸಿಕ್ಕಿಸಿ, ನೀರಿನ ಟ್ಯಾಂಕಿನ ಮೇಲೆ ತಾವೇ ಕೂರಿಸಿದರು. ಬಾಯಲ್ಲಿದ್ದ ಎರಡೇ ಹಲ್ಲು ತೋರಿಸಿ, "ಪರಿ ಬಂದ್ರೆ ನಂಗೂ ಒಂದ್ ಸೆಟ್ ಹೇಳವ್ವ" ಎಂದರು. ಆ ಮಾತಿಗೂ ವಿಷಲ್ ಬಂತು. ಹರ್ಷಿತಾ ಅಜ್ಜಿಯ ಬಾಯನ್ನೇ ನೋಡಿದಳು. "ಅಜ್ಜೀ, ನೀವೂ ಕುಕ್ಕರ್ರಾ?"

"ಹೂಂ ಕಣವ್ವ. ನೀನು ಚಿಕ್ಕುದು, ನಾನು ಹತ್ ಲೀಟರ್ದು."

ವಾರ್ಷಿಕೋತ್ಸವಕ್ಕೆ ಹಲ್ಲು ಬರಲಿಲ್ಲ. ಹರ್ಷಿತಾ ಸ್ಟೇಜ್ ಹತ್ತಿದಳು, ಎರಡು ವಿಷಲ್ ಕೂಗಿದಳು. ಮುಂದಿನ ಸಾಲಿನಿಂದ ಅಜ್ಜಿ ಮೂರನೆಯದು ಕೂಗಿದರು.

ಈಗ ಅವಳ ಹಲ್ಲು ಬಂದಿದೆ, ಕೊಂಚ ಸೊಟ್ಟ. ಅಜ್ಜಿಯದು ಇನ್ನೂ ಬಂದಿಲ್ಲ. "ನಿನ್ ಮಂತ್ರದಾಗೆ ಏನೋ ಕಾಗುಣಿತ ತಪ್ಪೈತೆ" ಎಂದು ಸಿಕ್ಕಾಗಲೆಲ್ಲ ಬೈಯುತ್ತಾರೆ. ಹಿಂದೆ ಯಾರಾದರೂ ತಪ್ಪು ಎಂದರೆ ನಾಲ್ಕು ದಿನ ಪೆನ್ನು ಮುಟ್ಟುತ್ತಿರಲಿಲ್ಲ ನಾನು. ಈಗ ನಿಮ್ಮಂಥ ಓದಿದವರ ಮುಂದೆಯೇ ಇಷ್ಟುದ್ದ ಬರೆದುಬಿಟ್ಟೆ. ನಿಮ್ಮಲ್ಲಿ ಯಾರಾದರೂ ಮಕ್ಕಳಿಗಾಗಿ ಇಂಥ ಮಂತ್ರ ಹಾಕಿ ಬೈಸಿಕೊಂಡಿದ್ದರೆ ದಯವಿಟ್ಟು ಬರೆಯಿರಿ. ಅದನ್ನು ನಾನು ಅಜ್ಜಿಗೆ ಓದಿ ಹೇಳಿದರೆ ಅವರ ಸಿಟ್ಟು ನಿಮಗೂ ಸ್ವಲ್ಪ ಹಂಚಿಹೋಗುತ್ತದೆ.