ನನ್ನ ಅಂಗಾಲಿಗೆ ಸಿಕ್ಕ ಮಾಸ್ತರಿಕೆ

ಇವತ್ತು ನಮ್ಮ ಹೊಲ ತಾನೇ ನೀರು ಕುಡಿದು, ಸಾಕಾದ ಮೇಲೆ ತಾನೇ ಬಾಯಿ ಮುಚ್ಚಿಕೊಂಡಿತು! ಆ ಹೊತ್ತಿಗೆ ಮೊಮ್ಮಗಳು ಅಂಬಿಕಾ ಹೈದರಾಬಾದಿನ ನಾರಾಯಣಗೂಡದ ಕಾಲೇಜಿನಲ್ಲಿ ಕೂತಿದ್ದಳು. ಸಂತೋಷ ತಡೆಯಲಾರದೆ ಮೊದಲೇ ಹೇಳಿಬಿಟ್ಟೆ. ಕ್ರಮವಾಗಿ ಹೇಳಲು ನಾನು ಕಲಿತದ್ದಾದರೂ ಎಷ್ಟು, ಶಾಲೆಯ ಎರಡನೇ ಇಯತ್ತೆ.

ಅದೂ ಪೂರ್ತಿಯಲ್ಲ. ಅಣ್ಣಂದಿರು ಓದಬೇಕಿತ್ತು, ಹೊಲದ ಮಡಿಯಿಂದ ಮಡಿಗೆ ನೀರು ತಿರುವಲು ಒಬ್ಬರು ಬೇಕಿತ್ತು. ನಾನು ಬರೆಯುವ ಪಾಟಿ ಕಸಿದು ಸಲಿಕೆ ಕೊಟ್ಟರು. ಕಾಲುವೆಯ ಬಾಯಿ ಒಡೆ, ಮುಚ್ಚು, ಮತ್ತೆ ಒಡೆ. ಅದೇ ನನ್ನ ಕಾಗುಣಿತ. ಓದಿದವರಿಗೆ ಕಣ್ಣು, ಮೂಗು, ನಾಲಗೆಯ ವಿದ್ಯೆ ಗೊತ್ತು, ಅಂಗಾಲಿನದು ಗೊತ್ತಿಲ್ಲ. ಕೆಸರು ಬೆರಳ ಸಂದಿಯಲ್ಲಿ ಏರಿದರೆ ನೀರು ಹೆಚ್ಚಾಯಿತು. ಹಿಮ್ಮಡಿಯ ಗುರುತು ಕದಡದೆ ನಿಂತರೆ ಸಾಕಾಯಿತು. ಇದಕ್ಕೆ ಯಾರೂ ಸರ್ಟಿಫಿಕೇಟು ಕೊಡಲಿಲ್ಲ, ಅಂಗಾಲು ಮಾತ್ರ ಬಿರಿಯಿತು.

ಈಗ ನನ್ನ ಮೊಣಕಾಲುಗಳು ಕೈಕೊಟ್ಟಿವೆ. ಹೈದರಾಬಾದಿನ ಅಂಚಿನ ನಮ್ಮ ಒಂದೆಕರೆ ಸೊಪ್ಪಿನ ಹೊಲದಲ್ಲಿ ಆ ಸಲಿಕೆ ಅಂಬಿಕಾಳ ಕೈಗೆ ಬಂದಿತ್ತು. ಮಗ ಸೊಸೆ ಮಾರ್ಕೆಟ್ಟಿಗೆ ಹೋದ ದಿನವೆಲ್ಲ ಅವಳ ಕ್ಲಾಸು ತಪ್ಪುತ್ತಿತ್ತು. ಇನ್ನು ಗೈರಾದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದರು ಕಾಲೇಜಿನವರು. ತಾನೇ ನೀರು ಬಿಟ್ಟು ನಿಲ್ಲಿಸುವ ಅಂಗಡಿಯ ಯಂತ್ರದ ಬೆಲೆ ನಮಗೆಟುಕದು. ಅವಳೇ ಹಳೆ ಟಿಫಿನ್ ಡಬ್ಬಿಯಲ್ಲಿ ವೈರು ಜೋಡಿಸಿ ನೀರಿನ ಪಂಪಿಗೆ ಸೇರಿಸಿ, ಹಸಿ ಅಳೆಯಲು ಮಣ್ಣಿಗೆ ಎರಡು ಕಡ್ಡಿ ಚುಚ್ಚಿದಳು. ಎಷ್ಟು ಹಸಿಯಾದರೆ ನೀರು ನಿಲ್ಲಬೇಕೆಂದು ಡಬ್ಬಿಗೆ ಯಾರು ಹೇಳಬೇಕು? ಮೊನ್ನೆ ನನ್ನನ್ನು ಕರೆದಳು.

“ಆಯಿ, ಮಡ್ಯಾಗ ಬರಿಗಾಲಿಲೆ ನಿಂದ್ರು. ಸಾಕಾತು ಅನ್ನಿಸಿದ ಕೂಡ್ಲೆ ಹೇಳು.”

“ನನ್ನ ಕಾಲು ಯಾವ ಪರೀಕ್ಷಾನೂ ಪಾಸಾಗಿಲ್ಲವ್ವ.”

“ಇವತ್ತ ಅದೇ ಮಾಸ್ತರ. ಸುಮ್ಮ ನಿಂದ್ರು.”

ಹಿಮ್ಮಡಿಯ ಗುರುತು ಕದಡದೆ ನಿಂತಾಗ “ಸಾಕು” ಎಂದೆ. ಅಷ್ಟೇ ಹಸಿಗೆ ಡಬ್ಬಿಯನ್ನು ಹೊಂದಿಸಿದಳು. ಸೊಸೆ ಬಿಟ್ಟಾಳೆಯೇ? “ಕಾಲಿಂದಷ್ಟೇ ಕಲಿಸ್ರಿ ಅತ್ತಿ. ಡಬ್ಬಿ ನಿಮ್ಮ ಬಾಯಿಂದು ಕಲಿತರ ಮಂದಿ ಊರ ಬಿಟ್ಟು ಹೋಗ್ತಾರ.”

ನಕ್ಕೆ. ಹಿಂದೆಯೇ ಆ ಡಬ್ಬಿಯನ್ನು ಕೈಗೆತ್ತಿಕೊಂಡು ನೋಡಿದೆ. ಒಂದು ಡಬ್ಬಿ, ಎರಡು ಕಡ್ಡಿ! ನನ್ನ ಶಾಲೆ ತಪ್ಪಿಸಿದ ಕೆಲಸ ಇಷ್ಟೇ ಏನು? ಆಗ ಯಾರೂ ಬೇರೆ ದಾರಿ ಹುಡುಕಲಿಲ್ಲ. ಹುಡುಗಿ ಇರುವಾಗ ಯಂತ್ರ ಯಾಕೆ ಹೊಳೆಯಬೇಕು?

ಇವತ್ತು ಮಧ್ಯಾಹ್ನ ನೀರಿನ ಸದ್ದು ತಾನೇ ನಿಂತಿತು. ನಂಬದೆ ಕೋಲೂರಿಕೊಂಡು ಹೋಗಿ ಮಡಿಯಲ್ಲಿ ಕಾಲಿಟ್ಟೆ. ಹಿಮ್ಮಡಿಯ ಗುರುತು ಅಚ್ಚೊತ್ತಿದಂತೆ ನಿಂತಿತು. ಅಲ್ಲೇ ಕೂತು ಅತ್ತುಬಿಟ್ಟೆ. ಸಂತೋಷಕ್ಕೆ ಅರ್ಧ, ಆ ಪಾಟಿಗೆ ಅರ್ಧ.

ಸಂಜೆ ಅಂಬಿಕಾ ಬಂದವಳೇ ಹಾಜರಿ ಹಾಕಿಸಿದ ಸುದ್ದಿ ಹೇಳಿದಳು. ಎಲ್ಲರೂ ಸುತ್ತ ಕೂತು ಜೋಳದ ರೊಟ್ಟಿ, ಮೆಂತ್ಯದ ಪಲ್ಯ ಉಣ್ಣುತ್ತಿದ್ದೆವು.

“ಸಾಕೇನ್ರಿ ಅತ್ತಿ?” ಸೊಸೆ ಕೇಳಿದಳು.

“ಅದನ್ನ ಹೇಳಾಕ ಡಬ್ಬಿ ಐತಲ್ಲ” ಎಂದೆ. “ನನಗ ಇನ್ನೊಂದು ರೊಟ್ಟಿ ಹಾಕವ್ವ.”