ಗ್ಯಾರಂಟಿ ಕೊಡದ ಕಾಕಾ

ಕಾಕಾರ ಎಡಗೈ ಕಿರುಬೆರಳು ಪೂರ್ತಿ ಮಡಚುತ್ತಿರಲಿಲ್ಲ. ನೀರಾವರಿ ಇಲಾಖೆಯಲ್ಲಿದ್ದಾಗ ಯಾವುದೋ ಕೆರೆಯ ತೂಬಿನ ಬಾಗಿಲು ಬಿದ್ದು ಜಜ್ಜಿಹೋದ ಬೆರಳದು. ಉಳಿದ ನಾಲ್ಕು ಮಡಚಿದರೂ ಅದೊಂದು ಕೊಕ್ಕೆಯ ಹಾಗೆ ಅರ್ಧಕ್ಕೆ ನಿಂತಿರುತ್ತಿತ್ತು. ಬೇರೆಯವರಾಗಿದ್ದರೆ ಇದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಆದರೆ ಕಾಕಾ ಯಾವ ಪ್ರಶ್ನೆಗೂ ಬೆರಳೆತ್ತಿಯೇ ಉತ್ತರ ಕೊಡುವವರು. ಹತ್ತರಲ್ಲಿ ಎಷ್ಟು ಎಂಬುದೇ ಅವರ ಭಾಷೆ. ಈಗ ಕರೆಂಟು ಬರುತ್ತದಾ ಎಂದರೆ ಏಳು ಬೆರಳು, ಅಳಿಯ ದೀಪಾವಳಿಗೆ ಬರುತ್ತಾನಾ ಎಂದರೆ ಎರಡು. ಅವರು ಬಲಗೈಯಲ್ಲಿ ಮೂರು ತೋರಿಸಿದರೆ, ಎಡಗೈಯ ಆ ಕೊಕ್ಕೆ ಸೇರಿ ಮೂರೂವರೆ ಕಾಣುತ್ತಿತ್ತು. "ಕಾಕಾ, ಆ ಅರ್ಧ ಏನ್ರೀ?" ಎಂದು ರೇಗಿಸಿದರೆ, "ಅದು ನನಗ ಗೊತ್ತಿಲ್ಲದ್ದು" ಅನ್ನುವರು.

ಅವರು ನಮ್ಮ ಸಂಬಂಧಿಕರೇನಲ್ಲ. ರಾಯಚೂರು ಕಡೆಯವರು, ತೆಲುಗು ನಾಡಿನ ಉಪ್ಪಲ್‌ನಲ್ಲಿ ನಮ್ಮ ಮನೆಯ ಮೇಲಿನ ಮಹಡಿಯಲ್ಲಿ ಹೆಂಡತಿ ಕಾಕೂ ಜೊತೆ ಇದ್ದರು. ಕೆಳಗೆ ನಾವು: ಅಪ್ಪ, ನಾನು, ಮತ್ತು ಸೊಂಟದ ಮೂಳೆ ಮುರಿದು ಮಂಚ ಹಿಡಿದ ಅಜ್ಜಿ. ನಮ್ಮ ಗಲ್ಲಿ ತಗ್ಗಿನಲ್ಲಿದೆ. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ನೀರು ನೇರ ನಮ್ಮ ಬಾಗಿಲಿಗೇ. ಭಾರಿ ಮಳೆಯ ಎಚ್ಚರಿಕೆ ಫೋನಿಗೆ ದಿನಾ ಬರುತ್ತಿತ್ತು. ದಿನಾ ಬರುವುದನ್ನು ಯಾರು ಓದುತ್ತಾರೆ? ಒಂದು ಮಳೆಗಾಲ ನೀರು ಒಳಗೆ ನುಗ್ಗಿ ಮಂಚದ ಕಾಲು ಮುಳುಗಿದ ಮೇಲೆ ನಾವು ಎಚ್ಚೆತ್ತೆವು. ಆ ಗಡಿಬಿಡಿಯಲ್ಲಿ ಹೇಗೆಂದರೆ ಹಾಗೆ ಎತ್ತಿದಾಗ ಅಜ್ಜಿ ಕಿರುಚಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ಮುಂಚೆಯೇ ಗೊತ್ತಿದ್ದರೆ ಕುರ್ಚಿಯಲ್ಲಿ ಕೂರಿಸಿ ನಿಧಾನಕ್ಕೆ ಮೇಲೆ ಒಯ್ಯಬಹುದಿತ್ತು. ಹಾಗಂತ ಸುಮ್ಮಸುಮ್ಮನೆ ಒಯ್ಯುವಂತೆಯೂ ಇಲ್ಲ, ಒಂದೊಂದು ಮೆಟ್ಟಿಲೂ ಅವಳಿಗೆ ನೋವು.

ನಾನು ಮಾದಾಪುರದ ಆಫೀಸಿನಲ್ಲಿ ಮೊಬೈಲ್ ಆ್ಯಪ್ ಮಾಡುವವಳು. ನಮ್ಮ ಗಲ್ಲಿಗೂ ಒಂದು ಮಾಡೋಣ ಎಂದು ಕಾಕಾರ ಬೆನ್ನು ಬಿದ್ದೆ. ಅವರು ಸ್ಕೂಟರ್ ಮೇಲೆ ಹೋಗಿ ಕೆರೆ ನೋಡಿ, ಹವಾಮಾನದವರ ಮುನ್ಸೂಚನೆ ಓದಿ ಅಂದಾಜು ಹೇಳುವುದು. ನಾನು ಅದನ್ನು ಎಲ್ಲರ ಫೋನಿಗೆ ಮುಟ್ಟಿಸುವುದು. ಮೊದಲು ಪರೀಕ್ಷೆಗೆಂದು ನೀರು ಬರುವ ಸಾಧ್ಯತೆ ಶೇಕಡಾ ನಲವತ್ತು ಎಂದು ದೊಡ್ಡ ಕೆಂಪು ಅಕ್ಷರದಲ್ಲಿ ಹಾಕಿ ನಾಲ್ಕು ಜನಕ್ಕೆ ತೋರಿಸಿದೆ. ನಾರಾಯಣಗೂಡದ ಕೋಚಿಂಗ್ ಸೆಂಟರಿನಲ್ಲಿ ಪಾಠ ಹೇಳುವ ಎದುರುಮನೆಯ ಮೇಷ್ಟ್ರು, ನಲವತ್ತಕ್ಕೆ ಯಾವ ಸೀಟೂ ಸಿಗುವುದಿಲ್ಲ, ನೀರು ಬರುವುದಿಲ್ಲ ಬಿಡು ಎಂದರು. ಪಕ್ಕದ ಮನೆಯ ಟೇಲರ್ ಅಕ್ಕ, ಮೂವತ್ತೈದಕ್ಕೇ ಪಾಸು, ಇದು ನಲವತ್ತು, ಬಂದೇ ಬರುತ್ತದೆ ಎಂದು ಹೊಲಿಗೆ ಮೆಷಿನ್ ಎತ್ತಿಡಲು ಎದ್ದೇಬಿಟ್ಟಳು. ಕಾಕಾ ಬಿದ್ದು ಬಿದ್ದು ನಕ್ಕರು.

"ನೀ ಮಾರ್ಕ್ಸ್ ಹಾಕಾಕತ್ತಿ ಮಗಳ. ಬೆರಳು ಹಾಕು. ಮತ್ತ ಆ ಕೆಂಪು ತೆಗಿ. ಕೆಂಪು ಬಳದಿ ಅಂದ್ರ ಎದ್ದು ಓಡ್ರಿ ಅಂತ ನೀನ ಹೇಳಿದಂಗಾತು. ಓಡೂದು ಬಿಡೂದು ಅವರವರ ಮನಿ ವಿಚಾರ. ನಮಗ ಎಷ್ಟು ಗೊತ್ತೈತಿ, ಎಷ್ಟು ಗೊತ್ತಿಲ್ಲ, ಅಷ್ಟ ಹೇಳೂದು."

ಹಾಗೆ ಪರದೆಯ ಮೇಲೆ ಎರಡು ಅಂಗೈಗಳ ಚಿತ್ರ ಬಂತು. ಅದರ ಕೆಳಗೆ ತೆಲುಗು, ಹಿಂದಿ, ಕನ್ನಡದಲ್ಲಿ ಒಂದೇ ಸಾಲು: ಇಂಥ ಮಳೆ ಹತ್ತು ಸಲ ಬಂದರೆ ಎತ್ತಿದ ಬೆರಳಿನಷ್ಟು ಸಲ ನೀರು ಬರುತ್ತದೆ, ಮಡಚಿದ ಬೆರಳಿನಷ್ಟು ಸಲ ಬರುವುದಿಲ್ಲ. ಆ ಎರಡನೆಯ ಮಾತು ಬಿಡಲೇಬಾರದು ಎಂದು ಕಾಕಾ ಹಟ ಹಿಡಿದರು. ಬರುವುದಿಲ್ಲ ಎಂಬುದನ್ನು ಯಾಕೆ ಹೇಳಬೇಕು, ಜನ ಉದಾಸೀನ ಮಾಡುತ್ತಾರೆ ಎಂದು ನಾನು ವಾದಿಸಿದೆ. ಸೋತೆ. ಸೋತದ್ದೇ ಒಳ್ಳೆಯದಾಯಿತು.

ಮುಂದಿನ ಮಳೆಗಾಲದ ಮೊದಲ ದೊಡ್ಡ ಮಳೆಗೆ ಮೂರು ಬೆರಳು ಎದ್ದವು. ಅಪ್ಪನಿಗೆ ರೇಗಿಹೋಯಿತು.

"ಬರ್ತದೋ ಇಲ್ಲೋ, ಒಂದ ಮಾತು ಹೇಳ್ರಿ ಅಣ್ಣಾರ. ಗ್ಯಾರಂಟಿ ಇಲ್ಲದ ಅವ್ವನ್ನ ಹೆಂಗ ಎತ್ತಲಿ?"

"ಗ್ಯಾರಂಟಿ ಫ್ಯಾನಿಗೆ ಕೊಡ್ತಾರೋ ತಮ್ಮಾ. ಮಳಿಗೆ ಯಾರು ಕೊಡ್ತಾರ?"

ಅಜ್ಜಿ ಫೋನು ಇಸಿದುಕೊಂಡು ಕಣ್ಣ ಹತ್ತಿರ ಹಿಡಿದು ನೋಡಿದಳು. "ಮೂರು ಭಾಳ ಆತು. ನೋವು ತಿನ್ನಾಕಿ ನಾನ, ಮುಳಗಾಕೀನೂ ನಾನ. ಎತ್ರಿ" ಎಂದಳು.

ಎತ್ತಿದೆವು. ನೀರು ಬರಲಿಲ್ಲ. ಮರುದಿನ ಅವಳನ್ನು ಕೆಳಗೆ ಇಳಿಸುವಾಗ ಅಪ್ಪ ಕಾಕಾಗೆ ಕೇಳುವಂತೆಯೇ ಗೊಣಗುತ್ತಿದ್ದ. ಕೇಳದೆ ಇರುವುದಾದರೂ ಹೇಗೆ, ಕುರ್ಚಿಯ ಒಂದು ಕಾಲು ಹಿಡಿದವರು ಅವರೇ. ಅವರ ಮುಖ ಸಣ್ಣದಾಗಿತ್ತು. ಅಜ್ಜಿ ಹಲ್ಲು ಕಚ್ಚಿ ನೋವು ತಡೆದುಕೊಂಡು ಮಗನಿಗೆ ಹೇಳಿದಳು: "ಏಳು ಬೆರಳು ಬರೂದಿಲ್ಲ ಅಂದಿದ್ದ. ಬರಲಿಲ್ಲ. ಅವನೇನು ಸುಳ್ಳು ಹೇಳ್ಯಾನ?" ಕಾಕಾರ ಮುಖ ಅರಳಿದ್ದನ್ನು ನಾನು ನೋಡಿದೆ.

ಎರಡನೆಯ ಸಲ ಆರು ಬೆರಳು. ಭಾನುವಾರ ಬೆಳಿಗ್ಗೆ. ಅಪ್ಪ ತಾನೇ ಕುರ್ಚಿ ತಂದ. ಮೂರು ಬೆರಳಿಗೆ ಮನೆಬಿಟ್ಟು ಕದಲದ ಮೇಷ್ಟ್ರು ಈ ಸಲ ಟೇಲರ್ ಅಕ್ಕನ ಮೆಷಿನ್ ಹೊತ್ತು ಮೆಟ್ಟಿಲು ಹತ್ತಿದರು. ಮಧ್ಯಾಹ್ನದ ಹೊತ್ತಿಗೆ ಕೋಡಿ ಹರಿದು ಕೆಂಪು ನೀರು ಗಲ್ಲಿಗೆ ನುಗ್ಗಿತು, ನಮ್ಮ ಮನೆಯೊಳಗೆ ಅಜ್ಜಿಯ ಮಂಚದ ಮೇಲೇ ಹರಿಯಿತು. ಮಂಚ ಖಾಲಿಯಿತ್ತು. ಗಲ್ಲಿಯ ಯಾವ ಕೆಳಮನೆಯಲ್ಲೂ ಒಂದು ಜೀವವೂ ಇರಲಿಲ್ಲ. ಮಹಡಿಗಳ ಮೇಲಿಂದ ಜನ ತಟ್ಟೆ ಬಡಿದು ಕೂಗಿದರು, ನಾನೂ ಗಂಟಲು ಕಟ್ಟುವಷ್ಟು ಕೂಗಿದೆ. ಅಷ್ಟು ಹೆಮ್ಮೆ ನನಗೆ ಆಫೀಸಿನ ಯಾವ ಕೆಲಸದಲ್ಲೂ ಆಗಿಲ್ಲ. ಅಜ್ಜಿ ಕಾಕೂ ಕೊಟ್ಟ ಚಹಾಕ್ಕೆ ಸಕ್ಕರೆ ಸಾಲದು ಎಂದು ತಕರಾರು ತೆಗೆಯುತ್ತ ಕೂತಿದ್ದಳು. ಅಪ್ಪ ಕಾಕಾರ ಎರಡೂ ಕೈ ಹಿಡಿದುಕೊಂಡ.

"ಇವತ್ತು ನೀರು ಬರದಿದ್ರೂ ನೀವು ಮಾಡಿದ್ದು ಬರೋಬರಿನ ಇತ್ತು. ಅದನ್ನ ಮರೀಬ್ಯಾಡ್ರಿ" ಎಂದರು ಕಾಕಾ. ಗೆಲುವಿನ ದಿನವೂ ಪಾಠ ಬಿಡುವವರಲ್ಲ.

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಅದಕ್ಕೂ ಮೊದಲು ಅನೇಕ ಸಲ ನನ್ನನ್ನು ಸ್ಕೂಟರ್ ಹಿಂದೆ ಕೂರಿಸಿಕೊಂಡು ಹೋಗಿ, ಕೋಡಿಗೆ ನೀರು ಎಷ್ಟು ದೂರ ಇದ್ದರೆ ಏನರ್ಥ ಎಂದು ತೋರಿಸಿಕೊಟ್ಟಿದ್ದರು. ಈ ಮಳೆಗಾಲದಲ್ಲಿ ಬೆರಳು ಎತ್ತುವ ಕೆಲಸ ನನ್ನ ಪಾಲಿಗೆ ಬಂತು. ಕೆರೆ ನೋಡಿ ಬಂದು ಫೋನು ಹಿಡಿದೆ. ಎಂಟು ಹಾಕಿಬಿಡಲೇ, ಯಾರೂ ಕೆಳಗೆ ಉಳಿಯುವುದಿಲ್ಲ ಎನಿಸಿತು. ಎರಡು ಹಾಕಿದರೆ ನೀರು ಬಾರದಿದ್ದಾಗ ಯಾರೂ ಬೈಯುವುದಿಲ್ಲ ಎಂದೂ ಎನಿಸಿತು. ನನಗೆ ತಿಳಿದದ್ದು ನಾಲ್ಕು. ನಾಲ್ಕನ್ನೇ ಹಾಕಿದೆ.

ಗಲ್ಲಿಗೆ ಗಲ್ಲಿಯೇ ಮೇಲೆ ಹತ್ತಿತು. ನೀರು ಬರಲಿಲ್ಲ.

ಬೆಳಿಗ್ಗೆ ಜನ ಮಿಕ್ಸರು, ಹಾಸಿಗೆ, ಮೆಷಿನ್ ಹೊತ್ತು ಇಳಿಯತೊಡಗಿದಾಗ ನಾನು ಬಾಗಿಲ ಹಿಂದೆ ನಿಂತಿದ್ದೆ. ಮುಖ ತೋರಿಸಲು ಹೆದರಿಕೆ. ಹೊಸದಾಗಿ ಬಾಡಿಗೆಗೆ ಬಂದ ಕಲಬುರಗಿಯವರೊಬ್ಬರು ಟೀವಿ ಅಪ್ಪಿಕೊಂಡು ಮೆಟ್ಟಿಲ ಮೇಲೆ ಏದುಸಿರು ಬಿಡುತ್ತಿದ್ದರು.

"ನೀರು ಬರಲೇ ಇಲ್ಲಲ್ರಿ. ಸುಮ್ಮನ ಹೊತ್ತಿವಿ" ಎಂದರು.

ಅಪ್ಪ ಅಜ್ಜಿಯ ಕುರ್ಚಿಯನ್ನು ಮೆತ್ತಗೆ ಕೆಳಗಿಟ್ಟು ಬೆವರು ಒರೆಸಿಕೊಂಡ.

"ಬರಲಿಲ್ಲ ಖರೆ. ಮಡಚಿದ ಆರು ಬೆರಳು ಹಂಗ ಹೇಳಿದ್ವಲ್ರಿ. ಮುಂದಿನ ಸಲ ಮತ್ತ ನಾಕು ಬಂದ್ರ ನನ್ನ ಕರೀರಿ, ನಿಮ್ಮ ಟೀವಿ ನಾನ ಹೊರತೀನಿ."